ಅಜ್ಜಿಗೊಂದು ಹೆಲ್ಮೆಟ್

2000ನೇ ಇಸವಿ ಬರುವಾಗಿನ ಕಂಪ್ಯೂಟರುಗಳ ವೈಟುಕೆ ಗಲಾಟೆ ಮುಗಿದ ಮೇಲಿನ ವಸಂತದ ರಜೆಯಲ್ಲಿ, ಟೋಕಿಯೊದ ನಮ್ಮ ಯೂನಿವರ್ಸಿಟಿಯ ಹುಡುಗರ ಜೊತೆ ನಾನೂ ಮನೆ ಕಟ್ಟಲು ಹೋಗಿದ್ದೆ. ಕೆಲವು ವರ್ಷಗಳ ಹಿಂದಿನ ಭೂಕಂಪದಲ್ಲಿ ಎಲ್ಲವನ್ನೂ ಕಳೆದುಕೊಂಡಿದ್ದ ಒಬ್ಬ ಅಜ್ಜಿಗೆ ಎರಡು ಕೋಣೆಯ ಮರದ ಮನೆ. ಬಡಗಿಗಳು ಹೇಳಿದ ಕಡೆ ಹಲಗೆ ಹಿಡಿಯುವುದು ನಮ್ಮ ಕೆಲಸ.

ಮನೆಯವರಿಂದ ಏನನ್ನೂ ತೆಗೆದುಕೊಳ್ಳಬಾರದು ಎಂದು ತಂಡಕ್ಕೊಂದು ನಿಯಮವಿತ್ತು. ಬಂದ ದಿನವೇ ಅಜ್ಜಿ ಫ್ಲಾಸ್ಕಿನಲ್ಲಿ ಟೀ ತಂದರು. ನಮ್ಮ ಲೀಡರ್ ಇಷಿದಾ ಸೊಂಟ ಬಗ್ಗಿಸಿ 'ಸುಮಿಮಾಸೆನ್', ಕ್ಷಮಿಸಿ, ಬೇಡ ಎಂದ. ಅಜ್ಜಿಯೂ ಬಗ್ಗಿ, ಫ್ಲಾಸ್ಕ್ ಎತ್ತಿಕೊಂಡು ಹೋದರು. ಮರುದಿನವೂ ಅದೇ ಆಯಿತು. ಮನೆಗೆ ಬಂದವರನ್ನು ಕಾಫಿ ಕೊಡದೆ ಕಳಿಸದ ಮೈಸೂರಿನವನು ನಾನು, ನನಗೆ ನೋಡಲಾಗಲಿಲ್ಲ.

ಅದರ ಮರುದಿನ ಅಜ್ಜಿ ಬಂದವರೇ ಇಷಿದಾನನ್ನು ಕೇಳಿದರು, "ಇನ್ನೊಂದು ಹೆಲ್ಮೆಟ್ ಇದೆಯಾ?"

ಅವನು ಕೊಟ್ಟ. ಅದನ್ನು ಹಾಕಿಕೊಂಡು ಅಜ್ಜಿ ಮಧ್ಯಾಹ್ನದವರೆಗೆ ನೆಲಕ್ಕೆ ಬಿದ್ದ ಮೊಳೆಗಳನ್ನು ಹೆಕ್ಕಿದರು. ಊಟದ ಹೊತ್ತಿಗೆ ನಮ್ಮ ಪಕ್ಕದಲ್ಲೇ ಕೂತು ಫ್ಲಾಸ್ಕ್ ತೆರೆದರು.

"ಇವತ್ತು ನಾನೂ ನಿಮ್ಮ ತಂಡದವಳು. ಜೊತೆಯಲ್ಲಿ ಕೆಲಸ ಮಾಡಿದವರ ಟೀ ಕುಡಿಯಬಾರದು ಅಂತ ನಿಯಮ ಇಲ್ಲವಲ್ಲ?"

ಇಷಿದಾ ಫ್ಲಾಸ್ಕಿನ ಕಡೆ ನೋಡಿದ. ಆಮೇಲೆ ಅಜ್ಜಿ ಮೆಲ್ಲಗೆ ಹೇಳಿದ್ದು ನನ್ನ ಅರೆಬರೆ ಜಪಾನೀಸಿಗೂ ಅರ್ಥವಾಯಿತು.

"ಅನ್ನ ಕೊಟ್ಟವರಿಗೆ, ಹೊದಿಕೆ ಕೊಟ್ಟವರಿಗೆ, ಎಲ್ಲರಿಗೂ ಅರಿಗಾತೋ, ಥ್ಯಾಂಕ್ಸ್ ಅಂತ ಹೇಳಿದ್ದೇನೆ. ನನಗೆ ಯಾರಾದರೂ ಅದನ್ನು ಹೇಳಿ ತುಂಬಾ ದಿನವಾಯಿತು."

ಇಷಿದಾ ಎರಡೂ ಕೈಯಲ್ಲಿ ಲೋಟ ಹಿಡಿದ. ತಲೆ ಬಗ್ಗಿಸಿ ಕುಡಿಯತೊಡಗಿದ. ಅವನ ಪರವಾಗಿ ನಾವೆಲ್ಲ ಅಜ್ಜಿಗೆ ಅರಿಗಾತೋ ಹೇಳಿದೆವು.

ಹಾಲು, ಸಕ್ಕರೆ ಎರಡೂ ಇಲ್ಲದ ಕಹಿ ಟೀ ಅದು. ನಾನು ಬಾಯಿಬಿಟ್ಟು ಇನ್ನೊಂದು ಲೋಟ ಕೇಳಿದೆ. ಇನ್ನೊಂದು ಸಲ ಅರಿಗಾತೋ ಹೇಳುವುದಿತ್ತು.