ವಿಭೂತಿ ಹಚ್ಚಿದ ಕೋಲು

ಗಾದಿಲಿಂಗಪ್ಪನ ಮನೆಯಲ್ಲಿ ಬೆಳ್ಳಿ ನೀರು ಕುಡಿಸಿದ ಒಂದು ಕಪ್ ಇತ್ತು. ಬಿಲಿಯರ್ಡ್ಸ್ ಆಟದಲ್ಲಿ ಮೊದಲ ಬಹುಮಾನ, ೧೯೪೮ ಎಂದು ಅದರ ಮೇಲೆ ಕೆತ್ತಿಸಿದ್ದರು. ಬಂದವರೆಲ್ಲ ಅದನ್ನು ಹೊಗಳುವರು. ಅವನಿಗೆ ಮಾತ್ರ ಅದನ್ನು ಕಂಡರೆ ಆಗುತ್ತಿರಲಿಲ್ಲ, ಯಾಕೆಂದರೆ ಅದು ಆಡಿ ಗೆದ್ದದ್ದಲ್ಲ. ಕೊನೆಯ ಆಟಕ್ಕೆ ಎದುರಾಳಿ ಉಜ್ಜಿನಪ್ಪ ಬರಲೇ ಇಲ್ಲ. ಕ್ಲಬ್ಬಿನವರು ಒಂದು ತಾಸು ಕಾದರು, ಬಾರದವನು ಸೋತ ಅಂದರು, ಕಪ್ಪನ್ನು ಇವನ ಕೈಗಿಟ್ಟು ಟೀ ಕುಡಿಯಲು ಹೋದರು. ಅವನು ಬಂದಿದ್ದರೆ ನಾನು ಗೆಲ್ಲುತ್ತಿದ್ದೆನೇ? ಈ ಪ್ರಶ್ನೆ ಗಾದಿಲಿಂಗಪ್ಪನನ್ನು ನಾಲ್ಕು ವರ್ಷ ತಿಂದಿತು.

ಉಜ್ಜಿನಪ್ಪ ಕುರುಗೋಡಿನವನು. ಯುದ್ಧ ಶುರುವಾದ ಹೊಸತರಲ್ಲಿ ಬಳ್ಳಾರಿಯ ದಂಡಿನ ಪ್ರದೇಶದ ಕ್ಲಬ್ಬಿಗೆ ಮಾರ್ಕರನಾಗಿ ಸೇರಿದ. ಮಾರ್ಕರ್ ಅಂದರೆ ಗುಂಡು ಜೋಡಿಸುವವನು, ಅಂಕ ಕೂಗುವವನು, ದೊರೆಗೆ ಜೊತೆ ಸಿಗದ ದಿನ ಎದುರು ನಿಂತು ಹದವಾಗಿ ಸೋಲುವವನು. ಕೆಲಸ ಏನೆಂದು ಕೇಳಿದರೆ 'ಗುಂಡಿನ ಕೆಲಸ' ಅನ್ನುತ್ತಿದ್ದ. ಹೀಗಾಗಿ ಅವನ ತಾಯಿ ಚನ್ನವೀರಮ್ಮನೂ ಅರ್ಧ ಕುರುಗೋಡೂ ಅವನು ಮಿಲಿಟರಿಯಲ್ಲಿ ಮದ್ದುಗುಂಡು ಕಾಯುತ್ತಾನೆ ಎಂದೇ ನಂಬಿದ್ದರು. ಅವನೂ ತಿದ್ದಲಿಲ್ಲ. ಮಿಲಿಟರಿ ಅಂದರೆ ಮರ್ಯಾದೆ, ಆಟ ಅಂದರೆ ಪೋಲಿತನ ಅನ್ನುವ ಕಾಲ ಅದು.

ಯುದ್ಧ ಜೋರಾದಾಗ ವಿಲಾಯಿತಿಯಿಂದ ಬರುವ ನೀಲಿ ಸೀಮೆಸುಣ್ಣ ನಿಂತುಹೋಯಿತು. ಆಡುವ ಕೋಲಿನ ತುದಿಗೆ ಚರ್ಮದ ಬಿಲ್ಲೆ ಅಂಟಿಸಿರುತ್ತಾರೆ. ಅದಕ್ಕೆ ಸೀಮೆಸುಣ್ಣ ತಿಕ್ಕದಿದ್ದರೆ ಕೋಲು ಜಾರಿ ಗುಂಡು ದಿಕ್ಕೆಟ್ಟು ಓಡುತ್ತದೆ. ಸುಣ್ಣ ಹಚ್ಚಿದರು, ಗೋಡೆಗೆ ತಿಕ್ಕಿದರು, ಏನೂ ಆಗಲಿಲ್ಲ. ಕಡೆಗೆ ಉಜ್ಜಿನಪ್ಪ ತನ್ನ ಪೂಜೆಯ ಚೀಲದಿಂದ ವಿಭೂತಿ ಗಟ್ಟಿ ತೆಗೆದು ತುದಿಗೆ ತಿಕ್ಕಿದ. ಕೋಲು ಕಚ್ಚಿ ಹಿಡಿಯಿತು! ಅವತ್ತಿನಿಂದ ಅವನ ಗುಂಡು ಹೇಳಿದ ಮಾತು ಕೇಳತೊಡಗಿತು. ಯುದ್ಧ ಮುಗಿದು ನೀಲಿ ಸೀಮೆಸುಣ್ಣ ಮರಳಿ ಬಂದರೂ ಅವನು ವಿಭೂತಿ ಬಿಡಲಿಲ್ಲ. ದೊರೆಗಳು ಗಂಟುಮೂಟೆ ಕಟ್ಟಿದ ಮೇಲೆ ಕ್ಲಬ್ಬಿನವರು ಎಲ್ಲರಿಗೂ ಪಂದ್ಯ ಇಟ್ಟರು. ಹತ್ತಿ ಗಿರಣಿಯ ಗುಮಾಸ್ತ ಗಾದಿಲಿಂಗಪ್ಪನೂ ಮಾರ್ಕರ್ ಉಜ್ಜಿನಪ್ಪನೂ ಕೊನೆಯ ಸುತ್ತಿಗೆ ಬಂದರು. ಆಮೇಲಿನದು ಹೇಳಿದೆನಲ್ಲ.

ಉಜ್ಜಿನಪ್ಪ ಯಾಕೆ ಆಟವನ್ನೂ ಕ್ಲಬ್ಬನ್ನೂ ಬಿಟ್ಟು ಹೋದ? ಸೆಕ್ರೆಟರಿ ಬೈದ ಅಂದರು. ದೃಷ್ಟಿ ತಾಗಿ ಕೈ ನಡುಗುತ್ತದೆ ಅಂದರು. ಗುಂತಕಲ್ಲಿನಲ್ಲಿ ಇನ್ನೊಂದು ಸಂಸಾರ ಇದೆ ಎಂದೂ ಒಬ್ಬ ಮಹಾನುಭಾವ ಹೇಳಿದ. ಎಲುಬಿಲ್ಲದ ನಾಲಿಗೆ, ಹೇಗೂ ಹೊರಳುತ್ತದೆ.

ಐವತ್ತೆರಡರಲ್ಲಿ ಗಿರಣಿಯ ಕೆಲಸಕ್ಕೆ ಸಿರುಗುಪ್ಪಕ್ಕೆ ಹೋದಾಗ ಗಾದಿಲಿಂಗಪ್ಪನ ಕಿವಿಗೆ ಒಂದು ಸುದ್ದಿ ಬಿತ್ತು. ಕಾಲುವೆ ಸರ್ವೆಯಲ್ಲಿ ಸರಪಳಿ ಹಿಡಿಯುವ ಒಬ್ಬನಿದ್ದಾನಂತೆ, ಎಂಜಿನಿಯರು ದುರ್ಬೀನಿಗೆ ಕಣ್ಣಿಡುವ ಮೊದಲೇ ನೆಲ ಯಾವ ಕಡೆ ಇಳಿದಿದೆ ಎಂದು ಹೇಳುತ್ತಾನಂತೆ. ಅಂಥ ಕಣ್ಣು ಉಜ್ಜಿನಪ್ಪನಿಗಲ್ಲದೆ ಇನ್ಯಾರಿಗಿದ್ದೀತು? ಸಿರಿಗೇರಿ ಕಡೆಯ ಬಸ್ಸು ಹತ್ತಿ ಹೋಗಿ ನೋಡಿದ. ಬೇವಿನ ನೆರಳಲ್ಲಿ ಉಜ್ಜಿನಪ್ಪ ರೊಟ್ಟಿ ಬಿಚ್ಚುತ್ತಿದ್ದ.

"ಬಾರಲೇ ಗಾದಿಲಿಂಗಾ, ಕೂಡು. ಉಣ್ಣಾಕ ಸರಿಯಾದ ಹೊತ್ತಿಗೆ ಬಂದಿ."

ರೊಟ್ಟಿ ಮುಗಿಯುವ ತನಕವೂ ಗಾದಿಲಿಂಗಪ್ಪನಿಗೆ ತಡೆಯಲಾಗಲಿಲ್ಲ. "ಅವತ್ತ್ಯಾಕ ಬರಲಿಲ್ಲ?"

ಉಜ್ಜಿನಪ್ಪ ನೀರು ಕುಡಿದು ಹೇಳಿದ. "ಆಟಕ್ಕ ಎರಡು ದಿನ ಇರುವಾಗ ಅವ್ವನ ಕಾಲಿಗೆ ಬಿದ್ದು ಬರಾಮು ಅಂತ ಊರಿಗೆ ಹೋದೆ. ಅಕಿ ಹಣಿ ಬೋಳು ಇತ್ತು. ವಿಭೂತಿ ಇಲ್ಲಂದ್ರ ಲಿಂಗಪೂಜಿ ಇಲ್ಲ, ಪೂಜಿ ಇಲ್ಲಂದ್ರ ಅಕಿಗೆ ಊಟ ಇಲ್ಲ. ಮೂರು ದಿನ ಆಗಿತ್ತು. ಹಣಿಗೆ ಹಚ್ಚಾದನ್ನ ತೊಗಲಿಗೆ ಹಚ್ಚಿದಿ, ಈಗ ನಾ ಎಲ್ಲಿ ಹಚ್ಕೊಳ್ಳಲೋ ಅಂದ್ಲು. ಇನ್ನ ಕೋಲು ಮುಟ್ಟಾದಿಲ್ಲ ಅಂತ ಆಣಿ ಮಾಡಿದೆ. ಆಮ್ಯಾಲೆ ಉಂಡ್ಲು."

ಗಾದಿಲಿಂಗಪ್ಪನಿಗೆ ಮೈಯೆಲ್ಲ ಉರಿಯಿತು. "ಸೀಮಿಸುಣ್ಣ ಇತ್ತಲ್ಲೋ, ವಿಭೂತಿ ಬಿಟ್ಟಿದ್ರ ಸಾಕಾಗ್ತಿತ್ತು! ಅಕಿಗೆ ಹೋಗಿ ಈ ಮಾತು ಹೇಳಿದಾವ ಯಾವ ಮನಿಹಾಳ? ಅವನ ನಾಲಿಗಿಗೆ ಹುಳ ಬೀಳ!"

"ಬೈಬ್ಯಾಡಲೇ," ಎಂದ ಉಜ್ಜಿನಪ್ಪ ಮೆಲ್ಲಗೆ. "ಅದೇ ವಾರ ಹತ್ತಿ ನೋಡಾಕ ಕುರುಗೋಡಿಗೆ ಹೋದಾಗ ನಮ್ಮ ಮನ್ಯಾಗ ಮಜ್ಜಿಗಿ ಕುಡಿದಿದ್ದಿ. ನೆನಪೈತೇನು?"

ನೆನಪಾಯಿತು. ಮಗ ಕಾಯುವುದು ಮದ್ದುಗುಂಡಲ್ಲ ತಾಯಿ, ಅವನಂಥ ಆಟಗಾರ ಮದ್ರಾಸಿನ ತನಕ ಇಲ್ಲ, ಅವನ ಕೋಲಿನ ತುದಿಯ ಚರ್ಮದ ಮೇಲೆ ನಿಮ್ಮ ಮನೆಯ ವಿಭೂತಿಯೇ ಇದೆ ಎಂದು ಬಾಯಿ ತುಂಬಾ ಹೊಗಳಿದ್ದ. ಆ ಮುದುಕಿ ಮಾತಾಡದೆ ಒಳಗೆ ಹೋದಾಗ, ಪಾಪ, ಸಂತೋಷಕ್ಕೆ ಕಣ್ಣೀರು ಬಂದಿರಬೇಕು ಎಂದುಕೊಂಡು ಬಸ್ಸು ಹತ್ತಿದ್ದ. ಮಾಡಿದ್ದು ಉಪಕಾರ ಎಂದೇ ತಿಳಿದಿದ್ದ. ಈಗ ಅವನಿಗೆ ತಲೆ ಎತ್ತಲಾಗಲಿಲ್ಲ.

"ನಾಲ್ಕು ವರ್ಷ ಯಾಕ ಹೇಳಲಿಲ್ಲ ನನಗ?"

"ಹೇಳಿದ್ರ ನೀನೂ ಕೋಲು ಇಡ್ತಿದ್ದಿ. ಇಬ್ಬರೂ ಬಿಟ್ರ ಆ ಮೇಜಿನ ಮ್ಯಾಲೆ ಆಡಾವರು ಯಾರು, ವಕೀಲರೇನು?"

ಗಾದಿಲಿಂಗಪ್ಪ ನಾಚಿಕೆ ಬಿಟ್ಟು, ತಾನು ಕೇಳಲು ಬಂದಿದ್ದ ಮಾತನ್ನು ಕೇಳಿಯೇಬಿಟ್ಟ. "ಅವತ್ತು ಆಡಿದ್ರ ನಾ ಗೆಲ್ತಿದ್ನೇನು?"

"ಇಲ್ಲ," ಎಂದ ಉಜ್ಜಿನಪ್ಪ. ಸರಪಳಿ ಹಿಡಿದು ದಡ್ಡುಗಟ್ಟಿದ ಬೆರಳುಗಳನ್ನು ಮಡಚಲು ನೋಡಿದ, ಪೂರಾ ಮಡಚಲಾಗಲಿಲ್ಲ. "ಈಗ ಆಡಿದ್ರ ಗೆಲ್ತಿ."

ಈಗ ಗೆದ್ದು ಏನು ಬಂತೋ ಎಂದು ಗಾದಿಲಿಂಗಪ್ಪ, ಕೂಲಿಯವರೆಲ್ಲ ನೋಡುತ್ತಿದ್ದಂತೆಯೇ, ಗೊಳೋ ಎಂದು ಅತ್ತ.