ರೆಪ್ಪೆಗೂದಲೆಂದು ಹೇಳಿದ ಸುಳ್ಳು

ಪದ್ಮಾ ಆಂಟಿ, ನಿಮ್ಮ ಬಲಗಣ್ಣಿನ ರೆಟಿನಾ, ಅಂದರೆ ಕಣ್ಣಿನ ಒಳಪರದೆ, ಹರಿದಿದ್ದನ್ನು ನಾನು ನೋಡಿದ್ದೆ. ಆ ಪರದೆ ಕಳಚಿಬೀಳುವ ಮೊದಲೇ ನೋಡಿದ್ದೆ. ನೋಡಿಯೂ ಸುಳ್ಳು ಹೇಳಿದೆ — ನಿಮ್ಮ ಮೇಲಿನ ದ್ವೇಷದಿಂದಲ್ಲ, ಡಾಕ್ಟರ್ ಶ್ರೀಧರ್ ಮೇಲಿನ ಹಗೆಯಿಂದ.

ಮಾರಿಸ್‌ಟೌನಿನಲ್ಲಿ ಅವರು ಕೆಲಸ ಮಾಡುತ್ತಿದ್ದ ಕ್ಲಿನಿಕ್ಕಿನಲ್ಲಿ ನಾನು ಕಣ್ಣಿನ ಫೋಟೋ ತೆಗೆಯುವವಳು. ಧಾರವಾಡದಲ್ಲಿ ಎಂಟು ವರ್ಷ ಕಣ್ಣಿನ ಡಾಕ್ಟರಾಗಿದ್ದೆ. ಈ ದೇಶದಲ್ಲಿ ಆ ಡಿಗ್ರಿ ನಡೆಯಲಿಲ್ಲ. ಆಗಷ್ಟೇ ಹೊಸ ವೈಡ್-ಆ್ಯಂಗಲ್ ಕ್ಯಾಮೆರಾ ಬಂದಿತ್ತು. ಹಳೆಯದು ರೆಟಿನಾದ ನಡುಭಾಗವನ್ನಷ್ಟೇ ತೋರಿಸುತ್ತಿತ್ತು, ಆದರೆ ಸಹಜ ಬಣ್ಣದಲ್ಲಿ. ಹೊಸದು ಒಂದೇ ಸಲಕ್ಕೆ ಅಂಚಿನವರೆಗೂ ತೋರಿಸುತ್ತಿತ್ತು. ಬಣ್ಣ ಮಾತ್ರ ಕೃತಕ, ಕೆಲವೊಮ್ಮೆ ರೆಪ್ಪೆಗೂದಲಿನ ನೆರಳೂ ಬೀಳುತ್ತಿತ್ತು. ಯಾವುದು ಮೇಲೆಂದು ತಿಳಿಯಲು, ಕೆಲವು ತಿಂಗಳು ಎಲ್ಲರಿಗೂ ಎರಡರಲ್ಲೂ ಫೋಟೋ ತೆಗೆಯಲು ಡಾಕ್ಟರ್ ಹೇಳಿದರು.

ಮೊದಲ ವಾರವೇ ಒಂದು ಚಿತ್ರದ ಅಂಚಿನಲ್ಲಿ ಕಪ್ಪು ಗೆರೆ ಕಂಡು ಓಡಿಹೋಗಿ ಡಾಕ್ಟರಿಗೆ ತೋರಿಸಿದೆ. ಅದು ರೆಪ್ಪೆಗೂದಲಾಗಿತ್ತು.

"ಧಾರವಾಡದಲ್ಲಿ ರೆಪ್ಪೆಗೂದಲಿಗೂ ಆಪರೇಷನ್ ಮಾಡ್ತಿದ್ರಾ, ಸುಧಾ?"

ರಿಸೆಪ್ಷನ್ ಹುಡುಗಿಯರಿಗೆ ಅದನ್ನೇ ಇಂಗ್ಲಿಷಿನಲ್ಲಿ ಮತ್ತೊಮ್ಮೆ ಹೇಳಿ ನಗಿಸಿದರು. ಸಾವಿರಾರು ಕಣ್ಣು ನೋಡಿದ್ದ ನಾನು... ಅಂದೇ ನಿಶ್ಚಯಿಸಿದೆ — ಈ ಮನುಷ್ಯ ಒಂದು ದಿನ ತಪ್ಪಬೇಕು, ಎಲ್ಲರೆದುರೇ ತಪ್ಪಬೇಕು.

ಆಮೇಲೆ ನೀವು ಬಂದಿರಿ, ಶುಗರ್ ಇರುವವರು ವರ್ಷಕ್ಕೊಮ್ಮೆ ಮಾಡಿಸುವ ಕಣ್ಣಿನ ತಪಾಸಣೆಗೆ. "ಹಿಲ್ಸ್‌ಬರೋದಿಂದ ನಾನೇ ಡ್ರೈವ್ ಮಾಡ್ಕೊಂಡು ಬಂದಿದೀನಮ್ಮ, ಕಣ್ಣು ಮಂಜಾಗೋ ಆ ಡ್ರಾಪ್ಸ್ ಬೇಡ," ಎಂದಿರಿ. ಹಳೆಯ ಕ್ಯಾಮೆರಾದಲ್ಲಿ ಎಲ್ಲ ಚೆನ್ನಾಗಿತ್ತು. ಹೊಸದರಲ್ಲಿ, ಮೇಲಂಚಿನಲ್ಲಿ, ಕುದುರೆಲಾಳದ ಆಕಾರದ ಸಣ್ಣ ಹರಕು. ನಿಮ್ಮ ರೆಪ್ಪೆ ಎತ್ತಿ ಹಿಡಿದು ಮತ್ತೊಮ್ಮೆ ತೆಗೆದೆ. ಅಲ್ಲೇ ಇತ್ತು.

ಡಾಕ್ಟರ್ ಅವಸರದಲ್ಲಿದ್ದರು. "ಅಂಚಲ್ಲಿ ಏನಾದ್ರೂ ಇದೆಯಾ, ಸುಧಾ?"

"ರೆಪ್ಪೆಗೂದಲು, ಡಾಕ್ಟರ್."

ಅವರು ಹೊಸ ಚಿತ್ರವನ್ನು ತೆರೆಯಲೇ ಇಲ್ಲ. ಹಳೆಯದನ್ನು ನೋಡಿ, ಎಲ್ಲ ಸರಿಯಿದೆ ಎಂದು ಬರೆದು ಸಹಿ ಹಾಕಿದರು. ಅಂದು ಗುರುವಾರ. ಕ್ಲಿನಿಕ್ಕಿನವರೆಲ್ಲ ಸೇರುವ ಸೋಮವಾರದ ಮೀಟಿಂಗಿನಲ್ಲಿ ಆ ಚಿತ್ರವನ್ನು ದೊಡ್ಡ ಪರದೆಯ ಮೇಲೆ ಹಾಕಿ ಅವರ ಮುಖ ನೋಡಬೇಕು, ಆಮೇಲೆ ನಿಮಗೆ ಫೋನ್ ಮಾಡಿಸಬೇಕು — ಇಷ್ಟೇ ನನ್ನ ಲೆಕ್ಕ. ನಾಲ್ಕು ದಿನದಲ್ಲಿ ಏನಾದೀತು ಎಂದು... ಏನಾಗಬಹುದೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಭಾನುವಾರವೇ ನಿಮ್ಮ ಕಣ್ಣಿಗೆ ಕತ್ತಲೆ ಇಳಿಯಿತು. ಮ್ಯಾನ್‌ಹಟನ್‌ನಲ್ಲಿ ಎರಡು ಆಪರೇಷನ್ ಆದರೂ ಉಳಿದದ್ದು ಬೆಳಕು-ನೆರಳಿನ ವ್ಯತ್ಯಾಸವಷ್ಟೇ.

ಹೊಸ ಕ್ಯಾಮೆರಾದ ಚಿತ್ರದಲ್ಲಿ ಹರಕು ಇದ್ದದ್ದು ಬಯಲಾಗಿ, ಕ್ಲಿನಿಕ್ ನಡೆಸಿದ ವಿಚಾರಣೆಯಲ್ಲಿ ಡಾಕ್ಟರ್ ನನ್ನತ್ತ ತಿರುಗಿ ಕನ್ನಡದಲ್ಲೇ ಕೇಳಿದರು, "ನಾನು ಕೇಳಿದ್ದೆ ಅಲ್ವಾ, ಸುಧಾ?" ಎಲ್ಲರಿಗೂ ತಿಳಿಯಲೆಂದು ನಾನು ಇಂಗ್ಲಿಷಿನಲ್ಲಿ ಉತ್ತರಿಸಿದೆ: "ನೋ, ಡಾಕ್ಟರ್. ಯು ನೆವರ್ ಆಸ್ಕ್ಡ್."

ಅವರು ಕೆಲಸ ಬಿಟ್ಟು ಹೋಗಬೇಕಾಯಿತು. ಅವರು ಹೋದ ಮಧ್ಯಾಹ್ನ ನಾನು ಹೊಟ್ಟೆ ತುಂಬ ಉಂಡೆ, ಆಂಟಿ. ಇದನ್ನು ಬರೆಯದಿದ್ದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ಯುಗಾದಿಗೆ ನೀವು ಹೋಳಿಗೆ ತಂದುಕೊಟ್ಟಿರಿ. "ನೀನು ತೆಗೆದ ಫೋಟೋ ಇಲ್ದಿದ್ರೆ ಸತ್ಯನೇ ಗೊತ್ತಾಗ್ತಿರಲಿಲ್ಲ ಕಣಮ್ಮ," ಎಂದಿರಿ. ಡಬ್ಬಿ ಕೊಡುವಾಗ ನನ್ನ ಕೈ ಎಷ್ಟು ದೂರದಲ್ಲಿದೆಯೆಂದು ಒಂದೇ ಕಣ್ಣಿಗೆ ಅಂದಾಜು ಸಿಗದೆ ನಿಮ್ಮ ಕೈ ಗಾಳಿಯಲ್ಲಿ ತಡವರಿಸಿತು.

ಡಾಕ್ಟರ್ ಮೇಲಿನ ಸಿಟ್ಟು ಇಂದಿಗೂ ಆರಿಲ್ಲ. ಎದುರು ಸಿಕ್ಕರೆ ಇಂದೂ... ಆದರೆ ಆ ಸೇಡಿಗೆ ನಾನು ಖರ್ಚು ಮಾಡಿದ್ದು ನಿಮ್ಮ ಕಣ್ಣನ್ನು. ಎರಡೂ ಸುಳ್ಳುಗಳನ್ನು ಬರೆದು ಇವತ್ತು ಬೆಳಿಗ್ಗೆ ಕ್ಲಿನಿಕ್ಕಿಗೆ ಕೊಟ್ಟೆ. ಒಂದು ಪ್ರತಿ ಡಾಕ್ಟರಿಗೂ ಕಳಿಸಿದೆ. ಕ್ಷಮಿಸಿ ಎಂದು ಕೇಳುವುದಿಲ್ಲ. ನೀವು ಕೇಸು ಹಾಕಿದರೆ, ಒಂದು ಮಾತನ್ನೂ ಅಲ್ಲಗಳೆಯುವುದಿಲ್ಲ.