ಮೂರನೆಯ ಬಾಟಲಿ

ಡೀಸೆಲ್ ಪಂಪು, ಇಂಜೆಕ್ಟರುಗಳ ರಿಪೇರಿಯಲ್ಲಿ ಮೂವತ್ತು ವರ್ಷ ಕೈ ಕಪ್ಪು ಮಾಡಿಕೊಂಡವನು ನಾನು. ಬೇರೆ ಮೆಕ್ಯಾನಿಕ್‌ಗಳು ಕೈಚೆಲ್ಲಿದ ಗಾಡಿಗಳು ಕಲಬುರಗಿಯ ಬ್ರಹ್ಮಪುರದ ನನ್ನ ಅಂಗಡಿಗೆ ಬರುತ್ತವೆ. ಆ ಸೊಕ್ಕು ನನಗಿತ್ತು, ಇಲ್ಲವೆನ್ನುವುದಿಲ್ಲ.

ಅಕ್ಕ ಕಮಲಾಪುರದಲ್ಲಿ ಒಬ್ಬಳೇ ಇದ್ದಳು. ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ಕಲಬುರಗಿಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಹತ್ತು ಗಂಟೆಗೆ ಅವಳ ಪಾಳಿ, ತಪ್ಪಿದರೆ ಮಶೀನು ಮುಂದಿನವರಿಗೆ. ಬಸ್ಸಿನಲ್ಲಿ ಅವಳು ನುಗ್ಗಾಡಬಾರದೆಂದು ನಾನೇ ನನ್ನ ಜೀಪಿನಲ್ಲಿ ಕರೆದೊಯ್ಯುತ್ತಿದ್ದೆ.

ಆ ದಿನ ಎಂಟಕ್ಕೆ ಅವಳ ಮನೆ ಮುಟ್ಟಿ, ಗಾಡಿ ಬಂದ್ ಮಾಡಿ ಚಹಾ ಕುಡಿದೆ. ಹೊರಡೋಣವೆಂದು ಕೀಲಿ ತಿರುವಿದರೆ ಇಂಜಿನ್ ಗರಗರ ತಿರುಗಿತೇ ಹೊರತು ಚಾಲೂ ಆಗಲಿಲ್ಲ. ಬ್ಯಾಟರಿ ಗಟ್ಟಿಯಿತ್ತು, ಟ್ಯಾಂಕಿನಲ್ಲಿ ಡೀಸೆಲ್ ಇತ್ತು. ಫಿಲ್ಟರಿನಲ್ಲಿ ನೀರಿಲ್ಲ, ಪೈಪಿನಲ್ಲಿ ಗಾಳಿಯಿಲ್ಲ. ನಾನು ಕೆಲಸ ಕಲಿಯುವಾಗ ಸೀಟಿನಲ್ಲಿ ಕೂತು, ಕೀಲಿ ತಿರುವಿ ಸೆಲ್ಫ್ ಹೊಡೆಯುತ್ತಿದ್ದವಳು ಅಕ್ಕನೇ. ಆ ದಿನವೂ ಊದಿದ ಕಾಲಿನ ಅವಳನ್ನೇ ಹತ್ತಿಸಿ ಕೂರಿಸಿದೆ.

"ಯಕ್ಕಾ, ಹೊಡಿ. ಸಾಕು. ಇನ್ನೊಮ್ಮೆ ಹೊಡಿ."

ಹಿಂದಿನ ಕಾಲದ ಇಂಜಿನ್ ಆಗಿದ್ದರೆ ಪೈಪಿನ ನಟ್ ಸಡಿಲಿಸಿ, ಡೀಸೆಲ್ ಚಿಮ್ಮುವುದನ್ನು ನೋಡಿಯೇ ಹೇಳುತ್ತಿದ್ದೆ. ಈಗಿನದರಲ್ಲಿ ಹಾಗೆ ಮಾಡಿದರೆ ಒತ್ತಡಕ್ಕೆ ಡೀಸೆಲ್ಲೇ ಕೈ ಸೀಳುತ್ತದೆ. ಪಂಪು ಸಾಕಷ್ಟು ಒತ್ತಡ ಕೂಡಿಸದಿದ್ದರೆ ಗಾಡಿಯೊಳಗಿನ ಕಂಪ್ಯೂಟರು ಇಂಜೆಕ್ಟರ್ ತೆರೆಯಲು ಬಿಡುವುದಿಲ್ಲ. ಆ ಒತ್ತಡ ಎಲ್ಲೋ ಸೋರುತ್ತಿತ್ತು.

ಮನೆಯ ಎದುರೇ ಹೆದ್ದಾರಿ. ಅಕ್ಕ ಸೀಟಿನಿಂದಲೇ ಕೇಳಿದಳು, "ತಮ್ಮಾ, ಬಸ್ ಬಂತು ನೋಡು. ಹೋಗ್ಲೇನು?"

"ಹತ್ತ್ ನಿಮಿಷ ಕುಂದ್ರು ಯಕ್ಕಾ. ನನ್ನ ಕೈಯಾಗ ಚಾಲೂ ಆಗ್ಲಾರದ ಗಾಡಿ ಯಾವುದದ?"

ಬಸ್ಸು ಹೋಯಿತು. ಎರಡನೆಯ ಬಸ್ಸು ಬಂದಾಗ ಅದು ಮರೆಯಾಗುವವರೆಗೂ ಅವಳು ಅದರ ಕಡೆ ನೋಡಿದಳು. ನೋಡಿದ್ದನ್ನು ನಾನೂ ನೋಡಿದೆ. ಆದರೂ ತಲೆ ಬಾನೆಟ್ಟಿನೊಳಗೇ ಇಟ್ಟುಕೊಂಡೆ.

ನನ್ನ ಪೆಟ್ಟಿಗೆಯಲ್ಲಿ ಸಲೈನ್ ಪೈಪುಗಳಿರುತ್ತವೆ. ಇಂಜೆಕ್ಟರಿನಿಂದ ವಾಪಸಾಗುವ ಡೀಸೆಲ್ಲನ್ನು ಹಿಡಿಯಲು ಅವಕ್ಕಿಂತ ಒಳ್ಳೆಯದಿಲ್ಲ. ನಾಲ್ಕು ಇಂಜೆಕ್ಟರಿಗೆ ನಾಲ್ಕು ಪೈಪು, ನಾಲ್ಕು ಖಾಲಿ ಬಾಟಲಿ ಕಟ್ಟಿದೆ. ಅಕ್ಕ ಸೆಲ್ಫ್ ಹೊಡೆದಳು. ಮೂರು ಬಾಟಲಿಗಳ ತಳವಷ್ಟೇ ತೇವವಾಯಿತು. ಮೂರನೆಯ ಇಂಜೆಕ್ಟರಿನದು ಮಾತ್ರ ಅರ್ಧ ತುಂಬಿತು. ಒತ್ತಡ ಸೋರುತ್ತಿದ್ದುದು ಅಲ್ಲೇ.

"ಸಿಕ್ತು!" ಎಂದು ಕೂಗಿಬಿಟ್ಟೆ. ಅವಳನ್ನು ಕೆಳಗಿಳಿಸಿ, ಬಾಟಲಿ ಎತ್ತಿ ತೋರಿಸಿದೆ.

ಅಕ್ಕ ಪೈಪನ್ನೂ ಬಾಟಲಿಯನ್ನೂ ನೋಡಿ ನಕ್ಕಳು. "ಇದರ ಕಿಡ್ನೀನೂ ಹೋಗ್ಯದೇನೋ?"

ಆಗ ಗಡಿಯಾರ ನೋಡಿಕೊಂಡೆ. ಹತ್ತೂವರೆ. ಇಂಜೆಕ್ಟರ್ ಒಳಗೇ ಸವೆದಿತ್ತು, ಬದಲಿಸಲು ಬೇರೊಂದು ಬೇಕು, ಅದು ಕಲಬುರಗಿಯಲ್ಲಿತ್ತು. ಇದು ಕೂಗುವ ಮೊದಲೇ ನನಗೆ ಗೊತ್ತಿತ್ತು. ನನಗೆ ಗಾಡಿ ಚಾಲೂ ಆಗುವುದು ಬೇಕಿರಲಿಲ್ಲ, ನಾನು ಸರಿ ಎಂದು ಅನ್ನಿಸಿಕೊಳ್ಳುವುದು ಬೇಕಿತ್ತು. ಥೂ, ಎಂಥ ಮನುಷ್ಯ ನಾನು!

ಸಿಕ್ಕ ಬಸ್ಸು ಹತ್ತಿ ಹೋದಾಗ ಅವಳ ಮಶೀನಿನಲ್ಲಿ ಬೇರೆಯವರ ರಕ್ತ ತಿರುಗುತ್ತಿತ್ತು. ಮರುದಿನ ಬರಲು ಹೇಳಿದರು. ಬ್ರಹ್ಮಪುರದ ನನ್ನ ಮನೆಯಲ್ಲಿ ಅವಳು ಮಲಗಲಾಗದೆ ಗೋಡೆಗೆ ಒರಗಿ ಏದುಸಿರು ಬಿಡುತ್ತ ಕೂತಳು. ಸಂಜೆ ನಾನು ಕಮಲಾಪುರಕ್ಕೆ ಜೀಪು ತರಲು ಹೋದೆ. ಸವೆದ ಇಂಜೆಕ್ಟರು ಹೆಚ್ಚು ಸೋರುವುದು ಇಂಜಿನ್ ಬಿಸಿಯಿದ್ದಾಗ; ಈಗ ಇಂಜಿನ್ ತಣ್ಣಗಾಗಿತ್ತು, ಕೀಲಿ ಮುಟ್ಟಿದ್ದೇ ತಡ ಚಾಲೂ ಆಯಿತು. ಸ್ಟೇರಿಂಗ್ ಹಿಡಿದುಕೊಂಡೇ ಅತ್ತೆ.

ಮರುದಿನ ಡಯಾಲಿಸಿಸ್ ಮುಗಿಸಿಕೊಂಡು ಅಕ್ಕ ಊರಿಗೆ ಹೋದಳು. ನಾನು ಇಂಜೆಕ್ಟರ್ ಬದಲಿಸಿದೆ. ಮುಂದಿನ ಪಾಳಿಯ ದಿನ ಏಳೂವರೆಗೇ ಅವಳ ಮನೆ ಮುಂದೆ ನಿಂತೆ. ಬಾಗಿಲಿಗೆ ಬೀಗ. ಫೋನ್ ಮಾಡಿದೆ.

"ಬಸ್ಸಿನ್ಯಾಗ ಕುಂತೀನಿ ತಮ್ಮಾ. ಸೀಟ್ ಸಿಕ್ಕದ. ನೀ ಹೈರಾಣ ಆಗಬ್ಯಾಡ."

ಜೀಪು ಚಾಲೂ ಇತ್ತು. ಅವಳಿಗೂ ಕೇಳಲೆಂದು ಫೋನನ್ನು ಇಂಜಿನ್ ಹತ್ತಿರ ಹಿಡಿದೆ. ಅಷ್ಟರಲ್ಲಿ ಅಕ್ಕ ಫೋನ್ ಇಟ್ಟಿದ್ದಳು.